ಎಡಗಿವಿಯ ಎರಡನೆಯ ಹೊಲಿಗೆ

ಎಂಬತ್ತಮೂರರ ಮೇ ತಿಂಗಳಲ್ಲಿ, ತಂಗಿಯ ಮಗಳ ಮದುವೆ ಮುಗಿಸಿಕೊಂಡು ನನ್ನ ಹೆಂಡತಿ ಸರಸ್ವತಿಬಾಯಿ ಅಫಜಲಪುರದಿಂದ ಜೇವರ್ಗಿಗೆ ಮರಳಿದಾಗ ಅವಳ ಸೆರಗು ಎಡಗಿವಿಯ ಮೇಲೆ ಇಳಿದಿತ್ತು. ಹೊಲಿಸಿದ್ದ ಕಿವಿ ಮತ್ತೆ ಹರಿದಿತ್ತು. ಮೌಲ್ಯಮಾಪನದ ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಕುಳಿತಿದ್ದ ನನಗೆ ಅವಳು ಹೊಸ್ತಿಲಲ್ಲಿಯೇ ತೀರ್ಪು ಕೊಟ್ಟಳು.

"ಈ ಕಿವಿಗೆ ನಾ ಒಮ್ಮೆ ರೊಕ್ಕ ಕೊಟ್ಟೇನಿ. ಇನ್ನೊಮ್ಮೆ ಕೊಡಂಗಿಲ್ಲ. ಯಾರು ಕೆಡಿಸ್ಯಾರೋ ಅವರು ಕೊಡ್ತಾರ."

ಮೊದಲ ಸಲ ಹರಿದದ್ದು ಅವಳ ತಾಯಿಯ ಜುಮಕಿಯ ಭಾರಕ್ಕೆ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಕಿವಿಯ ರಂಧ್ರ ಸೀಳಿನಂತೆ ಉದ್ದವಾಗಿ, ಮಾರ್ಚಿನಲ್ಲಿ ಪಕ್ಕದ ಮನೆಯ ಕೂಸೊಂದು ಹಿಡಿದು ಜಗ್ಗಿದಾಗ ಹಾಲೆ ಎರಡಾಗಿತ್ತು. ಹೈದರಾಬಾದಿನಲ್ಲಿ ಓದಿ ಬಂದು ಜೇವರ್ಗಿಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಸಲಾವುದ್ದೀನರು ಹೊಲಿದುಕೊಟ್ಟರು. "ಇದು ಬ್ಯಾನಿ ಅಲ್ರಿ ಮಾಸ್ತರ, ಚಂದದ ಕೆಲಸ," ಎಂದು ನಗುತ್ತ ನೂರಿಪ್ಪತ್ತು ರೂಪಾಯಿ ತೆಗೆದುಕೊಂಡರು. ಆ ಹಣ ಸರಸ್ವತಿ ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿದು ಗಳಿಸಿದ್ದು. ಹೈಸ್ಕೂಲಿನ ಕನ್ನಡ ಮಾಸ್ತರನಾದ ನಾನು ಬಿಲ್ಲನ್ನು ಇಲಾಖೆಗೆ ಕಳಿಸಿದೆ. "ಸೌಂದರ್ಯಕ್ಕಾಗಿ ಮಾಡಿಸಿಕೊಂಡದ್ದು, ಮಂಜೂರು ಮಾಡಲಾಗದು" ಎಂಬ ಷರಾದೊಡನೆ ಅದು ಹಿಂದಿರುಗಿತು. ಸರಸ್ವತಿ ಅದನ್ನು ಎರಡು ಸಲ ಓದಿ, "ನೋಡ್ರಿ, ನಾ ಚಂದ ಅದೇನಿ ಅಂತ ಸರಕಾರನ ಬರದು ಕೊಟ್ಟದ," ಎಂದು ಟ್ರಂಕಿನಲ್ಲಿ ಇಟ್ಟುಕೊಂಡಳು.

ಹೊಲಿಗೆ ಹಾಕಿದ ಐದನೆಯ ವಾರಕ್ಕೆ ಮದುವೆ ಬಂತು. ಬಜಾರದ ಅಕ್ಕಸಾಲಿಗ ಭಗವಂತ ಪತ್ತಾರನಿಂದ ಹೊಸ ರಂಧ್ರ ಚುಚ್ಚಿಸಿಕೊಂಡು ಹೋದಳು. ಅಕ್ಷತೆ ಬೀಳುವ ಹೊತ್ತಿಗೆ ಜುಮಕಿ ಮಡಿಲಿಗೆ ಬಿತ್ತು.

ಊರಿಗೆ ಮರಳಿದ ಮರುದಿನ ಬೆಳಿಗ್ಗೆ ಅವಳು ಪತ್ತಾರನನ್ನು ಅಂಗಡಿಯಿಂದಲೇ ಎಬ್ಬಿಸಿ ದವಾಖಾನೆಗೆ ಕರೆದೊಯ್ದಳು. ನಾನು ಹಿಂದೆ ನಡೆದೆ.

"ಡಾಕ್ಟರ್ ಸಾಹೇಬ್ರ, ನಾ ಹೊಲದ ಕುಪ್ಪಸ ಬಿಚ್ಚಿದ್ರ ಮತ್ತ ಪುಕ್ಕಟ ಹೊಲದು ಕೊಡ್ತೇನಿ. ನಿಮ್ಮ ಕಡೆ ಏನ್ ಪದ್ಧತಿ ಅದ?"

ಡಾಕ್ಟರರು ಗಾಯವನ್ನು ಬೆಳಕಿಗೆ ಹಿಡಿದು ನೋಡಿದರು. "ಹೊಲಿಗಿ ನಂದು ಖರೆ, ಬಾಯಾರ. ಆದ್ರ ಹೊಲಿಗಿ ಮ್ಯಾಲೇ ತೂತು ಹಾಕಿದವರು ಯಾರು? ಏನೋ ಭಗವಂತ, ಬೇರೆ ಜಾಗಾ ಸಿಗಲಿಲ್ಲೇನು ನಿನಗ?"

"ನಮ್ಮಪ್ಪ, ನಮ್ಮಜ್ಜ ನಟ್ಟನಡುವನ ಚುಚ್ಯಾರ್ರಿ," ಎಂದ ಪತ್ತಾರ. "ಗಾಯ ಮಾದದೇನ್ರಿ ಅಂತ ಕೇಳೇನಿ, ಬಾಯಾರು ಮಾದದ ಅಂದ್ರು. ಒಳಗ ಕಚ್ಚಾ ಅದ ಅಂತ ನನಗೇನು ಕನಸು ಬೀಳ್ತದ? ನನ್ನ ಬಂಗಾರದ ಬೆಸುಗಿ ಬಿಟ್ಟಿದ್ರ ಕೇಳ್ರಿ, ನಿಮ್ಮ ಬೆಸುಗಿಗೆ ನಾ ಯಾಕ ರೊಕ್ಕ ಕೊಡ್ಲಿ?"

"ಮೂರು ತಿಂಗಳ ಚುಚ್ಚಿಸಬ್ಯಾಡ್ರಿ, ಚುಚ್ಚಿಸಿದ್ರೂ ಹೊಲಿಗಿ ಬಿಟ್ಟು ಬಾಜೂಕ ಚುಚ್ಚಿಸ್ರಿ ಅಂತ ನಾ ಸಾಫ್ ಹೇಳೇನಲ್ಲ!"

"ಯಾರಿಗೆ ಹೇಳೀರಿ?" ಎಂದಳು ಸರಸ್ವತಿ.

ಡಾಕ್ಟರರ ಕಣ್ಣು ನನ್ನ ಕಡೆ ತಿರುಗಿತು. ಆ ನೋಟದೊಂದಿಗೆ ಮೊದಲ ಹೊಲಿಗೆಯ ಇಡೀ ಮಧ್ಯಾಹ್ನ ನನ್ನೆದುರು ಬಂದು ನಿಂತಿತು. ಒಳಗೆ ಅವಳು ಕಿವಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಅವರು ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದು, ನನ್ನ ಬೆಂಚಿನ ಮುಂದೆ ನಿಂತು, ಬೆರಳು ಮಡಿಚಿ ಮೂರು ಎಣಿಸಿದ್ದರು. ನನ್ನ ತೊಡೆಯ ಮೇಲೆ ಅಂದೇ ಟಪಾಲಿನಲ್ಲಿ ಬಂದ ಮಾಸಪತ್ರಿಕೆ ತೆರೆದಿತ್ತು. ಹೊಸ ಕವಿಯೊಬ್ಬನ ಕವನದ ಕೊನೆಯ ಸಾಲು ಇನ್ನೇನು ತೆರೆದುಕೊಳ್ಳಲಿತ್ತು. "ಹೌದ್ರಿ, ಹೌದ್ರಿ," ಎಂದಿದ್ದೆ. ಆ ಸಾಲು ಇಂದಿಗೂ ನನಗೆ ಬಾಯಿಪಾಠವಿದೆ. ಮೂರು ಬೆರಳು ಮಾತ್ರ ಮನಸ್ಸಿನ ಮೇಲೆ ನೀರಿನ ಗೆರೆಯಾಗಿ ಅಳಿದಿದ್ದವು. ಚುಚ್ಚಿಸುವ ಮುಂಚೆ ಅವಳು ಕೇಳಿದಾಗ, "ಹೊಲಿಗಿ ದಾರ ಬಿಚ್ಚಿದ ಮ್ಯಾಲೆ ಏನೂ ತೊಂದ್ರಿಲ್ಲ ಅಂದಾರ," ಎಂದು ನಿಶ್ಚಿಂತೆಯಿಂದ ಹೇಳಿದ್ದೆ.

ಸುಮ್ಮನಿದ್ದರೆ ಇಬ್ಬರೂ ಜಗಳಾಡಿ ಅರ್ಧರ್ಧ ಹಂಚಿಕೊಳ್ಳುತ್ತಿದ್ದರೇನೋ. ಪತ್ತಾರನ ಮುಖ ನೋಡಿದೆ. ತಾನು ಮಾಡದ ತಪ್ಪಿಗೆ ದಂಡ ತೆರಬೇಕಾದೀತೆಂದು ಅವನು ಧೋತರದ ಚುಂಗನ್ನು ಹಿಂಡುತ್ತಿದ್ದ.

"ನನಗ ಹೇಳಿದ್ರು," ಎಂದೆ. "ನಾ ಓದಕೋತ ಕೂತಿದ್ದೆ. ನಿನಗ ತಪ್ಪು ಹೇಳಿದೆ. ಇವರಿಬ್ಬರದೂ ಏನಿಲ್ಲ, ಪೂರಾ ರೊಕ್ಕ ನಾ ಕೊಡ್ತೇನಿ."

"ಭೇಷ್!" ಎಂದ ಪತ್ತಾರ, ಎದ್ದು ಹೊರಡುವಂತೆ.

"ಕೂಡೋ ಭಗವಂತ, ಇನ್ನೂ ಮುಗದಿಲ್ಲ." ಸರಸ್ವತಿ ನನ್ನತ್ತ ತಿರುಗಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಅಳತೆ ಪಟ್ಟಿ ಹಿಡಿದಾಗಿನ ಏಕಾಗ್ರತೆ ಇತ್ತು. "ನಿಮ್ಮ ಪಗಾರದಾಗ ಕೊಟ್ರ ಅದು ಮನಿ ರೊಕ್ಕ. ನನ್ನ ಜ್ವಾಳ, ನನ್ನ ಎಣ್ಣಿ ಅದರಾಗ ಅದ. ಅಂದ್ರ ನಾನಽ ಎರಡನೇ ಸಲ ಕೊಟ್ಟಂಗ. ನಿಮ್ಮ ಪುಸ್ತಕದ ರೊಕ್ಕದಾಗ ಕೊಡ್ರಿ."

ಪ್ರತಿ ತಿಂಗಳೂ ಧಾರವಾಡದಿಂದ ಕವನ ಸಂಕಲನ ತರಿಸಲು ನಾನು ಎತ್ತಿಡುತ್ತಿದ್ದ ಹತ್ತು ರೂಪಾಯಿ ಅದು. ಡಾಕ್ಟರರು ಕನಿಕರದಿಂದ ನಕ್ಕರು. ಅವರ ನಗೆ ಬಹಳ ಹೊತ್ತು ಉಳಿಯಲಿಲ್ಲ.

"ನೀವೂ ಕೇಳ್ರಿ, ಸಾಹೇಬ್ರ. ಕಿವಿ ನಂದು, ರೊಕ್ಕ ನಂದು. ಒಳಗ ಬಂದು ನನಗ ಯಾಕ ಹೇಳಲಿಲ್ಲ? ಎಡಗಿವಿಗೆ ಪಟ್ಟಿ ಇತ್ತು, ಬಲಗಿವಿ ತೆರದಽ ಇತ್ತಲ್ಲ."

ಡಾಕ್ಟರ್ ಸಲಾವುದ್ದೀನರು ಕನ್ನಡಕ ತೆಗೆದು ಒರೆಸಿದರು. "ಗಂಡಸರಿಗೆ ಹೇಳೋದು ರಿವಾಜು ಆಗ್ಯದರಿ," ಎಂದು ಮೆಲ್ಲಗೆ ಅಂದರು. "ರಿವಾಜಿಗೆ ಹಿಂಗ ಹೊಲಿಗಿ ಟಾಂಕಾ ಬಿಚ್ಚತದ ಅಂತ ಗೊತ್ತಿರಲಿಲ್ಲ. ನನ್ನ ಕೂಲಿ ಬಿಟ್ಟೇನಿ, ಬಾಯಾರ. ಸೂಜಿ, ದಾರ, ಔಷಧ ಮಾಸ್ತರದು."

"ನಾ?" ಎಂದ ಪತ್ತಾರ.

"ನೀ ಮೂರು ತಿಂಗಳ ಆದಮ್ಯಾಲೆ ಬಾಜೂಕ ಚುಚ್ಚು, ಪುಕ್ಕಟ," ಎಂದಳು ಸರಸ್ವತಿ. "ನಿಮ್ಮಜ್ಜನ್ನ ಕೇಳಬ್ಯಾಡ, ನನ್ನ ಕೇಳು."

ಸೂಜಿ, ದಾರ, ಔಷಧಕ್ಕೆ ನಲವತ್ತು ರೂಪಾಯಿ ಆಯಿತು. ಮುಂದಿನ ನಾಲ್ಕು ತಿಂಗಳು ಧಾರವಾಡದಿಂದ ನನಗೆ ಯಾವ ಸಂಕಲನವೂ ಬರಲಿಲ್ಲ. ಎರಡನೆಯ ಸಲ ಕಿವಿ ಹೊಲಿದ ದಿನ ನಾನು ಅದೇ ಬೆಂಚಿನ ಮೇಲೆ ಬರಿಗೈಯಲ್ಲಿ ಕುಳಿತಿದ್ದೆ. ಬಾಗಿಲ ಸಂದಿಯಲ್ಲಿ, ಡಾಕ್ಟರರು ಸ್ಟೂಲನ್ನು ಅವಳ ಬಲಗಡೆಗೆ ಎಳೆದುಕೊಂಡು ಬೆರಳು ಮಡಿಚುವುದು ಕಂಡಿತು. "ಮೂರು ತಿಂಗಳ, ಬಾಜೂಕ, ಹಗೂರಾದ ಓಲಿ," ಎಂದು ಅವಳು ತಿರುಗಿ ಒಪ್ಪಿಸುವುದು ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಗಮನವಿಟ್ಟು ನಾನು ಯಾವ ಕವನವನ್ನೂ ಕೇಳಿರಲಿಲ್ಲ.

ದೀಪಾವಳಿಯ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ನಿಂತಿದ್ದಳು. ತಾಯಿಯ ಜುಮಕಿಯನ್ನು ಅದೇ ಪತ್ತಾರ ಒಳಗೆ ಟೊಳ್ಳು ಮಾಡಿ ಹಗುರಾಗಿಸಿ ಕೊಟ್ಟಿದ್ದ. ಹಾಲೆಯ ಮೇಲೆ ಒಂದು ಬೆಳ್ಳನೆಯ ಗೆರೆ, ಅದರ ಪಕ್ಕದಲ್ಲಿ ಚಿನ್ನ.

"ಸಮ ಕೂತಾವೇನ್ರಿ?"

ನಾನು ಎದ್ದು ಹತ್ತಿರ ಹೋದೆ. ಎರಡೂ ಕಿವಿಗಳನ್ನು ಒಂದಾದ ಮೇಲೊಂದು ನೋಡಿದೆ. "ಎಡಗಡೇದು ಕೂದಲೆಳಿಯಷ್ಟು ಹೊರಗದ," ಎಂದೆ.

"ಇರ್ಲಿ," ಎಂದಳು ಅವಳು, ಕನ್ನಡಿಯಿಂದ ಕಣ್ಣು ತೆಗೆಯದೆ. "ಅಷ್ಟು ನೋಡಲಾಕ ನಿಮಗ ಇಪ್ಪತ್ತು ವರ್ಷ ಬೇಕಾತು."