ಅಮ್ಮನ ಹತ್ತು ನಿಮಿಷ

"ನಿಮ್ಮಪ್ಪನ್ನ ಸ್ವಲ್ಪ ಕೆಳಗೆ ಕಳಿಸ್ತೀಯಾ? ಹತ್ತು ನಿಮಿಷ ಸಾಕು," ಎಂದು ಅಮ್ಮ ಪಿಸುಗುಟ್ಟಿದಾಗ ಮಗಳು ಅವಳ ಬೆರಳಿಗೆ ಸೋಪು ಹಚ್ಚಿ ಉಂಗುರ ಬಿಚ್ಚುತ್ತಿದ್ದಳು. ಆಪರೇಷನ್ನಿಗೆ ಕರೆದೊಯ್ಯುವ ಮೊದಲು ಮೈಮೇಲೆ ಲೋಹದ್ದು ಏನೂ ಇರಬಾರದೆಂದು ನರ್ಸ್ ಹೇಳಿ ಹೋಗಿದ್ದಳು. ನಲವತ್ತು ವರ್ಷ ಅಲ್ಲೇ ಕೂತಿದ್ದ ಉಂಗುರ ಅಷ್ಟು ಸುಲಭಕ್ಕೆ ಬರುವ ಹಾಗೆ ಕಾಣಲಿಲ್ಲ.

ಕಿಟಕಿಯ ಹತ್ತಿರ ನಿಂತಿದ್ದ ಅಪ್ಪ, ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಐದನೆಯ ಸಲ ಓದುತ್ತಿದ್ದ. "ನೂರಕ್ಕೆ ತೊಂಬತ್ತಾರು," ಎಂದ, ಯಾರಿಗೆಂದಿಲ್ಲದೆ. "ಹೃದಯದ ಕವಾಟ ಬದಲಾಯಿಸೋದು ಈಗ ಏನೂ ಅಲ್ಲ. ನೂರರಲ್ಲಿ ತೊಂಬತ್ತಾರು ಜನ ನಡಕೊಂಡು ಮನೆಗೆ ಹೋಗ್ತಾರೆ."

"ಅಪ್ಪ, ಫ್ಲಾಸ್ಕಿಗೆ ಬಿಸಿನೀರು ತುಂಬಿಸ್ಕೊಂಡು ಬಾ."

"ಇವಳು ಏನೂ ಕುಡಿಯೋ ಹಾಗಿಲ್ಲವಲ್ಲ."

"ನಮಗೆ ಬೇಕಾಗುತ್ತಲ್ಲ? ನಾಲ್ಕು ಗಂಟೆ ಹೊತ್ತು ಹೊರಗೆ ಕೂತಿರ್ಬೇಕು."

ಆ ತರ್ಕ ಅಪ್ಪನಿಗೆ ಒಪ್ಪಿಗೆಯಾಯಿತು. ಅವನ ಚಪ್ಪಲಿಯ ಸದ್ದು ಮೆಟ್ಟಿಲು ಇಳಿದ ಮೇಲೆ ಮಗಳು ಕೇಳಿದಳು, "ಏನಮ್ಮ, ಏನಾದ್ರೂ ಬೇಕಿತ್ತಾ?"

"ಪ್ರಾರ್ಥನೆ ಮಾಡ್ಬೇಕು ಕಣೆ," ಎಂದಳು ಅಮ್ಮ. ಅಂಗಡಿಗೆ ಹೋಗಿ ಎರಡು ಉಂಡೆ ದಾರ ತರಬೇಕು ಎನ್ನುವಷ್ಟೇ ಸಲೀಸಾಗಿ.

ಮಗಳು ನಕ್ಕುಬಿಟ್ಟಳು. ಅಮ್ಮ ನಗಲಿಲ್ಲ.

ದೇವರನ್ನು ಬಿಟ್ಟವಳಲ್ಲ ಮಗಳು. ಬಿಡುವುದಕ್ಕೆ ಯಾವತ್ತಾದರೂ ಹಿಡಿದಿದ್ದರೆ ತಾನೆ. ಕೆಳಗೆ ಅಪ್ಪನ ಕನ್ನಡಕದ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಆ ಮನೆಯಲ್ಲಿ ದೇವರ ಮಾತು ಬಂದರೆ ನಗುವುದಕ್ಕೆ ಮಾತ್ರ ಬರುತ್ತಿತ್ತು. ಬೀದಿಯವರು ಅಪ್ಪನಿಗೆ ಇಟ್ಟ ಹೆಸರೇ 'ಪುರಾವೆ'. ಯಾರು ಏನೇ ಹೇಳಲಿ, "ಪುರಾವೆ ಏನು?" ಎಂದು ಕತ್ತು ಓರೆ ಮಾಡಿ ಕೇಳುವವನು. ಹೊಸ ಕನ್ನಡಕ ಹಾಕಿಕೊಂಡ ಮುದುಕನೊಬ್ಬ "ಕಣ್ಣು ಬಂತಪ್ಪಾ, ದೇವರು ದೊಡ್ಡವನು" ಎಂದಾಗ, "ದೊಡ್ಡವನೇ ಇರಬಹುದು, ಆದ್ರೆ ಗಾಜು ಉಜ್ಜಿದವನು ನಾನು" ಎಂದಿದ್ದ.

ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ಇವಳೊಬ್ಬಳು ತೆರೆದುಕೊಂಡು ನಿಂತಿರುತ್ತಿದ್ದಳು. ಹಟಕ್ಕಲ್ಲ, ಮುಚ್ಚಿಕೊಂಡು ಒಳಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಅಷ್ಟೆ. ಹಾಗಾಗಿ ಕಣ್ಣು ಮುಚ್ಚಿದರೆ ಯಾರ ಮುಖ ಹೇಗಾಗುತ್ತದೆ ಎಂಬುದು ಇಡೀ ಶಾಲೆಯಲ್ಲಿ ಇವಳಿಗೊಬ್ಬಳಿಗೇ ತಿಳಿದಿತ್ತು. ಡ್ರಿಲ್ ಮಾಸ್ತರರು ನಡುವೆ ಒಂದು ಕಣ್ಣು ಬಿಟ್ಟು ಗಡಿಯಾರ ನೋಡುವುದೂ. "ಕತ್ತಲಲ್ಲಿ ಭಯ ಆದ್ರೆ ಏನ್ ಮಾಡ್ತೀಯ?" ಎಂದು ಪಕ್ಕದ ಹುಡುಗಿ ಒಮ್ಮೆ ಮರುಕದಿಂದ ಕೇಳಿದ್ದಳು. "ದೀಪ ಹಾಕ್ತೀನಿ," ಎಂದಿದ್ದಳು ಇವಳು. ಆ ಉತ್ತರವನ್ನು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಒಂದು ವಾರ ಹೇಳಿದ. ಈಗ ಇವಳಿಗೆ ಮೂವತ್ತಾರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸರ್ಕಾರಿ ಕೆಲಸ. ಏನೋ ಒಂದು ಇಲ್ಲ ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

"ಯಾವಾಗಿಂದ?" ಎಂದಳು.

"ಯಾವಾಗಿಂದ ಅಂದ್ರೆ? ಮೊದಲಿಂದ."

"ಮನೇಲಿ? ಎಲ್ಲಿ?"

"ಬಚ್ಚಲಲ್ಲಿ. ಬೆಳಿಗ್ಗೆ ಏಳಕ್ಕೆ, ಕೆಲಸಕ್ಕೆ ಹೊರಡೋಕೆ ಮುಂಚೆ. ನಲ್ಲಿ ಬಿಟ್ಕೊಂಡು."

ಅಂಗಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅಮ್ಮನದು. ಒಂದು ದಿನವೂ ತಡವಾಗಿ ಹೋದವಳಲ್ಲ. ಬಚ್ಚಲ ಬಾಗಿಲ ಹೊರಗೆ ಅಪ್ಪ "ಲೇ, ಬಕೆಟ್ ತುಂಬಿ ಹರೀತಾ ಇದೆ, ಒಳಗೆ ಕೆರೆ ಕಟ್ತಿದ್ದೀಯಾ?" ಎಂದು ಕೂಗುತ್ತಿದ್ದದ್ದು, ತಾನು ಹಲ್ಲುಜ್ಜುತ್ತಾ ನಗುತ್ತಿದ್ದದ್ದು ಮಗಳಿಗೆ ನೆನಪಾಯಿತು.

"ಇಷ್ಟು ವರ್ಷ ನಮ್ಮಿಬ್ಬರನ್ನೂ ಯಾಮಾರಿಸಿದ್ದೀಯ."

"ಯಾಮಾರಿಸೋದೇನು ಬಂತು? ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

"ಊಟಕ್ಕೆ ಕೂತಾಗ ನಾವು ಅಷ್ಟು ತಮಾಷೆ ಮಾಡ್ತಿದ್ವಿ. ಕೀಲಿಕೈ ಕಳೆದ್ರೂ ಕಣ್ಮುಚ್ಚಿ ಕೂರ್ತಾಳೆ ಅಂತ ಎದುರುಮನೆಯವಳನ್ನ ಆಡ್ಕೋತಿದ್ವಿ. ಎಲ್ಲರಿಗಿಂತ ಜೋರಾಗಿ ನೀನೇ ನಗ್ತಿದ್ದೆ."

"ನಗು ಬರ್ತಿತ್ತು, ನಗ್ತಿದ್ದೆ. ನಿಮ್ಮಪ್ಪ ಚೆನ್ನಾಗಿ ಹೇಳ್ತಾರೆ." ಅಮ್ಮ ಉಂಗುರದ ಬೆರಳನ್ನು ತಾನೇ ತಿರುವಿದಳು. "ಒಂದ್ಸಲ ನಿಂಗೆ ಹೇಳಿದ್ದೆ. ಆರು ವರ್ಷ ನಿಂಗೆ. ನಾನು ಚಿಲಕ ಹಾಕೋದು ಮರ್ತಿದ್ದೆ, ನೀನು ಬಾಗಿಲು ತಳ್ಕೊಂಡು ಬಂದೆ. ಯಾರ ಹತ್ರ ಮಾತಾಡ್ತಿದ್ದೀಯ ಅಂದೆ. ದೇವರ ಹತ್ರ ಅಂದೆ ನಾನು."

"ನಾನೇನಂದೆ?"

"ಸೊಂಟದ ಮೇಲೆ ಕೈ ಇಟ್ಕೊಂಡು, ಕತ್ತು ಹಿಂಗೆ ಮಾಡಿ, 'ಪುರಾವೆ ಏನು?' ಅಂದೆ." ಅಮ್ಮ ಈಗ ನಕ್ಕಳು, ಎದೆಯ ಮೇಲೆ ಕೈ ಒತ್ತಿಕೊಂಡು. "ಎಷ್ಟು ಮುದ್ದಾಗಿ ಅಂದೆ ಗೊತ್ತಾ. ಎತ್ಕೊಂಡು ಮುತ್ತು ಕೊಟ್ಟೆ. ಆಮೇಲೆ ಮಾತ್ರ ಹೇಳೋಕೆ ಹೋಗಲಿಲ್ಲ."

ಮಗಳಿಗೆ ಇದೊಂದೂ ನೆನಪಿರಲಿಲ್ಲ. ನೆನಪಿರದ ಆ ಆರು ವರ್ಷದವಳ ಮೇಲೆ ಅವಳಿಗೆ ಸಿಟ್ಟು ಬಂತು. ಉಂಗುರ ಕೊನೆಗೂ ಜಾರಿ ಅಂಗೈಗೆ ಬಿತ್ತು. ಅದು ಕೂತಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಮಗುವಿನದರ ಹಾಗೆ ಮೆತ್ತಗಿತ್ತು.

"ಇನ್ನೊಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ," ಎಂದಳು ಅಮ್ಮ. "ನಂಗೆ ನಿದ್ದೆ ಬರಿಸಿದ ಮೇಲೆ ಆಗಲ್ಲ. ಆ ಹೊತ್ತಲ್ಲಿ ನನ್ನ ಪರವಾಗಿ ನೀನು ಒಂದೆರಡು ಮಾತು..."

ಹೂಂ ಎಂದುಬಿಟ್ಟಿದ್ದರೆ ಮುಗಿದಿತ್ತು. ಅಮ್ಮನಿಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಮುಚ್ಚಿದ ಕಣ್ಣಿನೊಳಗೆ ಯಾರೂ ಇಲ್ಲವೆಂದು ತಿಳಿದೂ ಅಮ್ಮನ ಹೆಸರಿನಲ್ಲಿ ಮಾತಾಡುವುದು, ಹುಸಿ ತಕ್ಕಡಿಗೆ ಮುದ್ರೆ ಒತ್ತಿದಂತೆ ಅನ್ನಿಸಿತು.

"ನಾನು ಹೇಳಿದ್ರೆ ಅದು ಸುಳ್ಳಾಗುತ್ತಲ್ಲಮ್ಮ," ಎಂದಳು.

"ಹೌದು. ಸುಳ್ಳಾಗುತ್ತೆ." ಅಮ್ಮ ಮಗಳ ಕೆನ್ನೆ ತಟ್ಟಿದಳು. "ಬೇಡ ಬಿಡು. ಬಾಗಿಲ ಹತ್ರ ನಿಂತ್ಕೋ. ನಿಮ್ಮಪ್ಪ ಬಂದ್ರೆ ಒಳಗೆ ಬಿಡ್ಬೇಡ."

ಬಾಗಿಲು ಎಳೆದುಕೊಂಡು ಮಗಳು ಹೊರಗೆ ನಿಂತಳು. ಬಾಗಿಲಿಗೊಂದು ಅಂಗೈಯಗಲದ ಗಾಜಿತ್ತು. ನೋಡಬಾರದೆಂದುಕೊಂಡೇ ನೋಡಿದಳು. ಅಮ್ಮ ಕಣ್ಣು ಮುಚ್ಚಿದ್ದಳು. ತುಟಿ ಮೆಲ್ಲಗೆ ಅಲುಗುತ್ತಿತ್ತು. ನಡುವೊಮ್ಮೆ ತಲೆಯಾಡಿಸಿದಳು, ಯಾರೋ ಹೇಳಿದ್ದಕ್ಕೆ ಅಲ್ಲವೆನ್ನುವವಳಂತೆ. ಇಡೀ ಶಾಲೆಯ ಮುಖಗಳನ್ನು ನೋಡಿದ್ದವಳು ಈ ಒಂದು ಮುಖ ನೋಡಿರಲಿಲ್ಲ. ಅದರಲ್ಲಿ ಭಯವಿರಲಿಲ್ಲ. ತಮ್ಮಿಬ್ಬರ ಜೊತೆ ಆಡದ ಎಷ್ಟೋ ಮಾತುಗಳು ಅಮ್ಮನ ಹತ್ತಿರ ಇದ್ದವು ಎಂಬುದಷ್ಟೇ ಕಾಣುತ್ತಿತ್ತು.

ಅಪ್ಪ ಏದುಸಿರು ಬಿಡುತ್ತಾ ಫ್ಲಾಸ್ಕ್ ಹಿಡಿದು ಬಂದ. ಇವಳು ಗಾಜಿಗೆ ಬೆನ್ನು ಕೊಟ್ಟು ನಿಂತಳು.

"ಒಳಗೆ ಹೋಗ್ಬೇಡ. ಬಟ್ಟೆ ಬದಲಾಯಿಸ್ತಿದ್ದಾಳೆ."

"ನಲವತ್ತು ವರ್ಷದ ಹೆಂಡತಿ ಕಣಮ್ಮ. ಹೊಸದಾಗಿ ಏನು ನೋಡ್ಬಿಡ್ತೀನಿ?"

"ಇರಪ್ಪ ಸ್ವಲ್ಪ."

ಸುಳ್ಳು ಹೇಳಲಾರೆನೆಂದು ಅಮ್ಮನಿಗೆ ಹೇಳಿ ಎರಡು ನಿಮಿಷವೂ ಆಗಿರಲಿಲ್ಲ. ಅಪ್ಪ ಗೋಡೆಗೆ ಒರಗಿದ. ಗಾಜು ಉಜ್ಜಿ ಉಜ್ಜಿ ತುದಿ ಸವೆದ ಬೆರಳುಗಳು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದವು, ಬಿಗಿದವು, ಮತ್ತೆ ತಿರುಗಿಸಿದವು.

"ತೊಂಬತ್ತಾರು," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಆ ನಾಲ್ಕು ಜನಾನೂ ಬೆಳಿಗ್ಗೆ ಇದೇ ಲೆಕ್ಕ ಕೇಳಿರ್ತಾರೆ, ಅಲ್ವಾ?"

ಹಾಕಲು ದೀಪವಿಲ್ಲದ ಕತ್ತಲೆಯೂ ಇರುತ್ತದೆ ಎಂದು ಆ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. "ನಂಗೆ ಭಯ ಆಗ್ತಿದೆ ಅಪ್ಪ," ಎಂದಳು.

"ನಂಗೂ ಕಣಮ್ಮ," ಎಂದ ಅಪ್ಪ. ಇಬ್ಬರೂ ಹಾಗೇ ನಿಂತರು. ಒಳಗಿನಿಂದ ಅಮ್ಮ, "ಆಯ್ತು, ಬನ್ರೀ," ಎಂದು ಕರೆಯುವವರೆಗೂ.

ಆಪರೇಷನ್ ನಾಲ್ಕು ಗಂಟೆ ಎಂದದ್ದು ಆರು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಮಗಳು ಯಾರ ಹತ್ತಿರವೂ ಏನನ್ನೂ ಕೇಳಿಕೊಳ್ಳಲಿಲ್ಲ. ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಡಾಕ್ಟರು ಹೊರಬಂದು ಮುಖದ ಬಟ್ಟೆ ಕೆಳಗೆಳೆದು ನಕ್ಕಾಗ ಅಪ್ಪ ಅವರ ಎರಡೂ ಕೈ ಹಿಡಿದುಕೊಂಡ.

ನಾಲ್ಕನೆಯ ದಿನ ಅಮ್ಮನನ್ನು ಮೂರನೆಯ ಮಹಡಿಯ ಕೋಣೆಗೆ ತಂದರು. ಎದ್ದು ಓಡಾಡುವ ಹಾಗಿರಲಿಲ್ಲ. ಅಪ್ಪ ಅಂಗಡಿಗೆ ಬೀಗ ಹಾಕಿ ಬೆಳಿಗ್ಗೆ ಆರಕ್ಕೇ ಬಂದು ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಪೇಪರ್ ಜೋರಾಗಿ ಓದುತ್ತಿದ್ದ, ದಿಂಬು ಸರಿಪಡಿಸುತ್ತಿದ್ದ, ಮಾತ್ರೆ ಎಣಿಸುತ್ತಿದ್ದ. ಅಮ್ಮ ಗಡಿಯಾರ ನೋಡುವಳು, ಅಪ್ಪನನ್ನು ನೋಡುವಳು, ಮತ್ತೆ ಗಡಿಯಾರ ನೋಡುವಳು.

"ಅಪ್ಪ, ಬಾ, ಒಂದು ಸುತ್ತು ನಡೆದು ಬರೋಣ," ಎಂದಳು ಮಗಳು ಒಂದು ದಿನ, ಏಳಕ್ಕೆ ಐದು ನಿಮಿಷವಿದ್ದಾಗ. ಅದರ ಮಾರನೆಯ ದಿನವೂ ಕರೆದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

ಹಾಗೆ ಹೊರಟ ಮೂರನೆಯ ದಿನ ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ನಡೆಯುತ್ತಿದ್ದಾಗ ಅಪ್ಪ ನಿಂತ.

"ಅವಳಿಗೆ ನಾನು ಹೊರಗಿರಬೇಕು, ಅಲ್ವಾ?"

"ಹತ್ತು ನಿಮಿಷ."

"ಯಾಕಂತೆ?"

ಬುದ್ಧಿ ಬಂದಾಗಿನಿಂದ ಅಪ್ಪನ ಪ್ರಶ್ನೆಗೆ ಉತ್ತರ ಕೊಡದೆ ಇದ್ದವಳಲ್ಲ ಅವಳು. "ಅದನ್ನ ಅವಳೇ ಹೇಳ್ಬೇಕು ಅಪ್ಪ," ಎಂದಳು.

 ಅಪ್ಪ ತಲೆಯೆತ್ತಿ ಬೆರಳು ಮಾಡಿ ಮೂರನೆಯ ಮಹಡಿಯ ಕಿಟಕಿಗಳನ್ನು ಎಣಿಸಿದ. ಅಮ್ಮನ ಕಿಟಕಿಯ ಪರದೆ ಎಳೆದಿತ್ತು. ಅದನ್ನೇ ನೋಡುತ್ತಾ ನಿಂತಿದ್ದು ಆಮೇಲೆ ಗಡಿಯಾರ ನೋಡಿಕೊಂಡ. ಹೊರಬಂದು ಆರು ನಿಮಿಷವಾಗಿತ್ತು.

"ನನ್ನ ಮಂಡಿ ಇವತ್ತು ಪರವಾಗಿಲ್ಲ," ಎಂದ. ಮೆಟ್ಟಿಲಿಳಿದಾಗಿನಿಂದ ಕುಂಟುತ್ತಲೇ ಇದ್ದ. "ಇನ್ನೊಂದು ಸುತ್ತು ಹಾಕೋಣ ನಡಿ."

ಅಂಗಳದ ತುಂಬ ಕಟ್ಟಿದ ಹಗ್ಗಗಳ ಮೇಲೆ ಆಗತಾನೆ ಒಗೆದ ಹಸಿರು ಹೊದಿಕೆಗಳು ನೀರಿಳಿಸುತ್ತಾ ದಾರಿಗೆ ಅಡ್ಡವಾಗಿ ತೂಗುತ್ತಿದ್ದವು. ಅಪ್ಪ ಒಂದೊಂದನ್ನೇ ಕೈಯಿಂದ ಎತ್ತಿ ಹಿಡಿದು, ಮಗಳು ದಾಟುವವರೆಗೂ ಕಾದು, ಆಮೇಲೆ ತಾನು ತಲೆ ಬಗ್ಗಿಸಿ ದಾಟುತ್ತಿದ್ದ.