ಇಳಿಹೊತ್ತಿನ ನಮಾಜಿನ ನಂತರ

ತಾಯಿ ತೀರಿಕೊಂಡ ಸಂಜೆ ನೆಜಾದ್ ಅಳಲಿಲ್ಲ. ಬೋಸ್ನಿಯಾದ ಆ ಪುಟ್ಟ ಊರಿನ ಸುದ್ದಿತಾಣವನ್ನು ನಡೆಸುತ್ತಿದ್ದವನು ಅವನೇ. ಸಾವಿನ ಪ್ರಕಟಣೆಗಳ ಪುಟದಲ್ಲಿ ಅವಳ ಹೆಸರು, ಪಟ, ಹಸಿರು ಅಂಚು ಎಲ್ಲವನ್ನೂ ಸರಿಯಾಗಿ ಕೂರಿಸಿದ. ದಫನು ನಾಳೆ ಮಧ್ಯಾಹ್ನದ ನಮಾಜಿನ ನಂತರ. ಯಾರದೋ ತಾಯಿಯ ಕೆಲಸ ಮಾಡಿಕೊಟ್ಟಂತಿತ್ತು.

ಆ ಊರಿನವರಿಗೆ ಬೆಳಗಿನ ಕಾಫಿಯ ಜೊತೆ ಸತ್ತವರ ಪುಟ ಬೇಕೇ ಬೇಕು. ಎಲ್ಲರೂ ಒಟ್ಟಿಗೆ ಮುಗಿಬಿದ್ದು ಸರ್ವರ್ ಕುಸಿಯುತ್ತಿತ್ತೆಂದು ಹೋದ ಚಳಿಗಾಲದಲ್ಲಿ ನೆಜಾದ್ ಕ್ಯಾಶಿಂಗ್ ಹಾಕಿದ್ದ. ಮುಂಜಾನೆ ಮೊದಲು ತೆರೆದವರಿಗೆ ಪುಟ ಒಮ್ಮೆ ತಯಾರಾದರೆ ಸಾಕು, ಅದರ ನಕಲನ್ನೇ ಸರ್ವರ್ ಅರ್ಧ ದಿನ ಎಲ್ಲರಿಗೂ ಹಂಚುತ್ತದೆ. ಸಾವಿನ ಸುದ್ದಿ ಹಳಸುವುದಿಲ್ಲವಲ್ಲ ಎಂದು ಆಗ ನಕ್ಕಿದ್ದ. ಲಾಗಿನ್ ಆಗಿರುವ ಅವನೊಬ್ಬನಿಗೆ ಮಾತ್ರ ಯಾವಾಗಲೂ ಹೊಸ ಪುಟವೇ ಕಾಣುತ್ತಿತ್ತು.

ಬೆಳಗ್ಗೆ ಅಣ್ಣ ರಾಸಿಮ್‌ನ ಫೋನು. ಆಸ್ಟ್ರಿಯಾದಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದವನು ಸಾವಾ ನದಿಯ ಗಡಿಸೇತುವೆಯ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ.

"ನಾನು ಬರೋವರೆಗೆ ಅಮ್ಮನ್ನ ಮಣ್ಣು ಮಾಡ್ಬೇಡ ಕಣೋ. ಒಂದು ಹಿಡಿ ಮಣ್ಣು ನಾನೂ ಹಾಕ್ಬೇಕು."

ನೆಜಾದ್ ಇಮಾಮರಿಗೆ ಹೇಳಿ ಸಮಯ ಬದಲಿಸಿದ. ಪುಟದಲ್ಲೂ ಇಳಿಹೊತ್ತಿನ ನಮಾಜಿನ ನಂತರ ಎಂದು ತಿದ್ದಿದ. ತನ್ನ ಫೋನಿನಲ್ಲಿ ನೋಡಿದ, ಸರಿಯಾಗಿತ್ತು. ಹಳೆಯ ನಕಲನ್ನು ಅಳಿಸಲು ಇನ್ನೊಂದು ಗುಂಡಿ ಒತ್ತಬೇಕಿತ್ತು. ಮರೆತ ಎನ್ನುವುದೂ ತಪ್ಪು. ಆ ಬೆಳಗ್ಗೆ ಅವನ ತಲೆಯೊಳಗೆ ಏನೂ ಇರಲಿಲ್ಲ.

ಮಧ್ಯಾಹ್ನಕ್ಕೆ ಮಸೀದಿಯ ಅಂಗಳ ತುಂಬಿಹೋಯಿತು. ಜುಲೈ ಬಿಸಿಲು. ಹಳ್ಳಿಗಳಿಂದ ಬಂದ ಮುದುಕರು ಗೋಡೆಯ ಚೂರು ನೆರಳಿನಲ್ಲಿ ಒತ್ತಿಕೊಂಡು ನಿಂತಿದ್ದರು. ಇಷ್ಟು ಬೇಗ ಯಾಕೆ ಬಂದಿರೆಂದು ಇಮಾಮರು ಕೇಳಿದ್ದಕ್ಕೆ ಒಬ್ಬಾತ ಫೋನು ಚಾಚಿದ. ಮಧ್ಯಾಹ್ನವೆಂದೇ ಇತ್ತು. ನೋಡಿದ ಕೂಡಲೇ ನೆಜಾದ್‌ಗೆ ಎಲ್ಲ ತಿಳಿಯಿತು.

ಚಿಕ್ಕಪ್ಪ ಹಮ್ದಿಯಾ ಅವನ ತೋಳು ಹಿಡಿದುಕೊಂಡ. "ಜನ ಬೇಯ್ತಾ ಇದಾರೆ ಮಗಾ. ಸತ್ತೋರನ್ನೂ ಕಾಯಿಸ್ಬಾರ್ದು. ಈಗ್ಲೇ ಮಣ್ಣು ಮಾಡ್ಬಿಡೋಣ, ಏನಂತೀಯ?"

ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಬೇಡ ಎಂದಿದ್ದರೆ ಮುಗಿಯುತ್ತಿತ್ತು. ಮಾತು ಬೆಳೆಸುವ ತ್ರಾಣವಿರಲಿಲ್ಲ.

"ಹೂಂ," ಎಂದ.

ರಾಸಿಮ್ ಬಂದಾಗ ಜನ ಚದುರಿ ಎಷ್ಟೋ ಹೊತ್ತಾಗಿತ್ತು. ಹಸಿ ಮಣ್ಣಿನ ದಿಬ್ಬದ ಮುಂದೆ ನಿಂತು ಅವನು ಮೊದಲು ಮಾಡಿದ್ದೆಂದರೆ ಫೋನು ತೆಗೆದು ಆ ಪುಟ ನೋಡಿದ್ದು. ಅಷ್ಟರಲ್ಲಿ ಅರ್ಧ ದಿನ ಕಳೆದು ನಕಲಿನ ಅವಧಿ ತೀರಿತ್ತು.

"ಇಳಿಹೊತ್ತು ಅಂತ ನೀನೇ ಹಾಕಿದೀಯಲ್ಲೋ."

ಬೆಳಗಿನಿಂದ ಎಲ್ಲರಿಗೂ ಹಳೆಯದೇ ಕಾಣುತ್ತಿತ್ತೆಂದು ನೆಜಾದ್ ಹೇಳಿದ. ನಕಲು, ಸರ್ವರ್ ಎಂದೆಲ್ಲ ವಿವರಿಸಿದ. ಅಷ್ಟೂ ನಿಜವಾಗಿತ್ತು. ರಾಸಿಮ್ ತಾಳ್ಮೆಯಿಂದಲೇ ಕೇಳಿಸಿಕೊಂಡ.

"ಸರಿ. ಜನ ಬೇಗ ಬಂದ್ರು. ನೀನು ಕಾಯಿರಿ ಅಂದಿದ್ರೆ ಕಾಯ್ತಿರ್ಲಿಲ್ವಾ?"

"ಕಾಯ್ತಿದ್ರು," ಎಂದ ನೆಜಾದ್.

ಮಿನಾರಿನಿಂದ ಇಳಿಹೊತ್ತಿನ ಬಾಂಗು ಕೇಳಿಸಿತು. ರಾಸಿಮ್ ಬಗ್ಗಿ ಒಂದು ಹಿಡಿ ಮಣ್ಣೆತ್ತಿದ. ಹಾಕಲು ಗುಂಡಿಯೇ ಇರಲಿಲ್ಲ. ಮಣ್ಣನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಮಸೀದಿಯ ಕಡೆ ನಡೆದ.