ಭಾನುವಾರದ ಜಡೆ

"ಜಡೆ ಕತ್ತರಿಸಣ್ಣ," ಎಂದು ಮಗಳು ಅಪ್ಪನ ಕ್ಷೌರದ ಕುರ್ಚಿ ಏರಿ ಕೂತೇಬಿಟ್ಟಳು.

ಒಳಕೋಣೆಯಲ್ಲಿ ಅಪ್ಪನ ಶವದ ಪೆಟ್ಟಿಗೆಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಹಳೇ ಗಿರಾಕಿಗಳು ತಲೆ ಬಾಚಿಕೊಂಡು ಬಂದು, ತಮ್ಮ ಸರದಿಗೆ ಕಾದವರಂತೆ ಸಾಲಾಗಿ ಕೂತಿದ್ದರು. ಅಪ್ಪನ ಪಾಲುದಾರ ಬೋಳಣ್ಣ, ಊರವರ ತಲೆಯನ್ನೆಲ್ಲ ಒಪ್ಪ ಮಾಡಿ ತನ್ನ ತಲೆಯಲ್ಲಿ ಒಂದೆಳೆಯನ್ನೂ ಉಳಿಸಿಕೊಳ್ಳದವನು, ಕತ್ತರಿ ಹಿಡಿದು ತಡವರಿಸಿದ.

"ಇವತ್ತು ಬೇಡ ಕಣಮ್ಮ. ನಿಮ್ಮಮ್ಮ ಬಾಗಿಲಲ್ಲೇ ನಿಂತಿದಾರೆ."

"ನಿಂತಿರಲಿ. ಅವಳಿಗೆ ಕಾಣಲಿ ಅಂತಲೇ ಕೂತಿದೀನಿ."

*

ಅಪ್ಪ ಅಮ್ಮನ ವಿಚ್ಛೇದನವಾದಾಗ ಅವಳಿನ್ನೂ ಪುಟ್ಟ ಹುಡುಗಿ. ವಾರವೆಲ್ಲ ಅಮ್ಮನ ಪಾಲು, ಭಾನುವಾರ ಅಪ್ಪನ ಪಾಲು ಎಂದು ತೀರ್ಪಾಯಿತು. ಮೊದಲ ಭಾನುವಾರವೇ ಅಪ್ಪ ಇದೇ ಕುರ್ಚಿಗೆ ಅಡ್ಡಹಲಗೆ ಇಟ್ಟು ಕೂರಿಸಿ, ಅಮ್ಮ ಅಕ್ಕರೆಯಿಂದ ಬೆಳೆಸಿದ್ದ ಕೂದಲನ್ನು ಬುಡಮಟ್ಟ ಕತ್ತರಿಸಿದ. "ಹೋಗು, ನಿಮ್ಮಮ್ಮಂಗೆ ತೋರಿಸು," ಎಂದ.

ಅಮ್ಮ ಕೆಂಡವಾದಳು. ಮತ್ತೆ ಕೋರ್ಟಿಗೆ ಹೋಗಿ, ತಂದೆ ಮಗುವಿನ ತಲೆ ಮುಟ್ಟಕೂಡದು, ಮುಟ್ಟಿದರೆ ಭಾನುವಾರವೂ ಇಲ್ಲ ಎಂದು ಆದೇಶ ತಂದಳು. ಕೂದಲು ಬೆಳೆದ ಮೇಲೆ ಪ್ರತಿ ಭಾನುವಾರ ಬಿಗಿಯಾಗಿ ಜಡೆ ಹೆಣೆದು, ತುದಿಗೆ ತನಗೊಬ್ಬಳಿಗೇ ಬರುವ ಗಂಟು ಹಾಕಿ ಕಳಿಸುತ್ತಿದ್ದಳು. ಸಂಜೆ ಮಗಳ ಮುಖಕ್ಕಿಂತ ಮೊದಲು ಗಂಟು ನೋಡುತ್ತಿದ್ದಳು. ಊರ ಮಕ್ಕಳ ತಲೆಯೆಲ್ಲ ಸವರುತ್ತಿದ್ದ ಅಪ್ಪ, ಸ್ವಂತ ಮಗಳು ಬಂದರೆ ಕೈಗಳನ್ನು ಜೇಬಿಗೆ ತುರುಕಿಕೊಳ್ಳುತ್ತಿದ್ದ.

ಇಬ್ಬರಿಗೂ ಅವಳ ತಲೆ ಬೇಕಿತ್ತು, ಅದರೊಳಗೆ ಏನಿದೆ ಎಂದು ಒಬ್ಬರೂ ಕೇಳಲಿಲ್ಲ. ಅವಳಲ್ಲಿ ಆಗ ಹೊತ್ತಿಕೊಂಡ ಸಿಟ್ಟು ಇವತ್ತಿಗೂ ಆರಿಲ್ಲ.

*

ಈ ಬೆಳಿಗ್ಗೆಯೂ ಅಮ್ಮನೇ ಜಡೆ ಹೆಣೆದಿದ್ದಳು. "ಅವನ ಅಂಗಡಿಗೆ ಹೋಗ್ತಿದೀಯ, ಬಿಚ್ಚಬೇಡ," ಎಂದಿದ್ದಳು, ಸತ್ತವನು ಎದ್ದು ಬಂದು ಬಿಚ್ಚುತ್ತಾನೇನೋ ಎಂಬಂತೆ.

ಬೋಳಣ್ಣನ ಕತ್ತರಿ ಕಡೆಗೂ ಕರಕರ ಎಂದಿತು. ಜಡೆ ಇಡಿಯಾಗಿ ಮಗಳ ಮಡಿಲಿಗೆ ಬಿತ್ತು.

"ನಿಂಗೇನು ತಲೆ ಕೆಟ್ಟಿದೆಯೇನೇ?" ಅಮ್ಮ ಒಳಗೆ ನುಗ್ಗಿದಳು.

"ಬಾಮ್ಮ. ನಿನ್ನ ಪಾಲು ತಗೊಂಡು ಹೋಗು."

ಮಗಳು ಬೋಳಣ್ಣನ ಕೈಯಿಂದ ಕತ್ತರಿ ಕಿತ್ತುಕೊಂಡು, ಜಡೆ ಮಡಚಿ ಸರಿಯಾಗಿ ನಡುಮಧ್ಯಕ್ಕೆ ಕತ್ತರಿಸಿದಳು. ಆಗಲೇ ಬಿಚ್ಚಿಕೊಳ್ಳುತ್ತಿದ್ದ ಮೇಲಿನ ತುಂಡನ್ನು ಒಳಗೊಯ್ದು ಅಪ್ಪನ ತಣ್ಣಗಿನ ಬೆರಳುಗಳ ಕೆಳಗೆ ತುರುಕಿದಳು.

"ಈಗ ಮುಟ್ಟಪ್ಪ. ಯಾರೂ ಕೇಳಲ್ಲ."

ಕೆಳಗಿನ ತುಂಡನ್ನು ಅಮ್ಮನ ಕೈಗಿಟ್ಟಳು.

ಬೋಳಣ್ಣ ಪೆಟ್ಟಿಗೆಯ ಮುಚ್ಚಳ ಎಳೆದ. ಗಿರಾಕಿಗಳು ಹೆಗಲು ಕೊಡಲು ಎದ್ದರು. ಅಮ್ಮ ಮಾತ್ರ ಕುರ್ಚಿಯ ಪಕ್ಕ ನಿಂತೇ ಇದ್ದಳು, ಅವಳ ಬೆರಳುಗಳು ಅಭ್ಯಾಸಬಲದಿಂದ ಜಡೆಯ ತುದಿಯನ್ನು ತಡವುತ್ತಿದ್ದವು. ಗಂಟು ಬೆಳಿಗ್ಗೆ ಹಾಕಿದಂತೆಯೇ ಇತ್ತು.